ನೆಲೆ ತಪ್ಪಿದರೂ ಕೈ ತಪ್ಪದ ಶಸ್ತ್ರವೈದ್ಯ: ಡಾ. ರುಡಾಲ್ಫ್ ನಿಸ್ಸೆನ್

ಹೋಟೆಲಿನ ಗಲ್ಲೆಯಲ್ಲಿ ಹಲವು ವರ್ಷ ಕುಳಿತವನಿಗೆ ಜನರ ಹೊಟ್ಟೆಯ ವಿಷಯ ವೈದ್ಯರಷ್ಟಲ್ಲದಿದ್ದರೂ ಒಂದಿಷ್ಟಾದರೂ ತಿಳಿದೇ ತಿಳಿಯುತ್ತದೆ. ಊಟ ಮುಗಿಸಿ ಕೈ ತೊಳೆದು ಬಂದ ಗಿರಾಕಿ, ಬಿಲ್ಲಿನ ಹಣ ಎಣಿಸುವ ಮೊದಲೇ ಎದೆಯ ನಡುವೆ ಅಂಗೈಯಿಟ್ಟು ಒಂದು ಸೋಡಾ ಕೇಳುವ ನೋಟ ಈ ಲೇಖಕನಿಗೆ ನಿತ್ಯದ್ದಾಗಿದ್ದಿತು. ಅದನ್ನು ಒಬ್ಬರು ಪಿತ್ತವೆನ್ನುತ್ತಾರೆ, ಇನ್ನೊಬ್ಬರು ಗ್ಯಾಸು ಎನ್ನುತ್ತಾರೆ, ಹಿರಿಯರು ಹುಳಿತೇಗು ಎನ್ನುತ್ತಾರೆ, ಕಚೇರಿಗೆ ಹೋಗುವವರು ಎಸಿಡಿಟಿ ಎನ್ನುತ್ತಾರೆ. ಹೆಸರು ಏನೇ ಇರಲಿ, ಉರಿಯುವ ಎದೆ ಒಂದೇ.

ಬಹುಮಂದಿಗೆ ಇದು ಬಂದು ಹೋಗುವ ಉಪದ್ರವ. ಕೆಲವರಿಗೆ ಮಾತ್ರ ಇದು ಜೀವನವನ್ನೇ ಹಿಂಡುವ ರೋಗ. ಅಂಥವರು ರಾತ್ರಿ ಮಲಗಲಾರರು. ಮಲಗಿದೊಡನೆ ಹುಳಿನೀರು ಗಂಟಲಿಗೆ ಏರಿ ಕೆಮ್ಮು ಬಂದು, ಎದ್ದು ಕುಳಿತು ಬೆಳಗು ಮಾಡಬೇಕಾಗುತ್ತದೆ. ಅಂಥ ರೋಗಿಗಳಿಗಾಗಿ ಒಂದು ಶಸ್ತ್ರಚಿಕಿತ್ಸೆಯುಂಟು. ಪ್ರಪಂಚದ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಅದಕ್ಕೆ ಒಬ್ಬ ಮನುಷ್ಯನ ಹೆಸರೇ ಹೆಸರು. ನಮ್ಮ ದೆಹಲಿಯ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿಯೂ ಆ ಹೆಸರು ಕೇಳಿಬರುತ್ತದೆ. ಆದರೆ ಹೆಸರಿನ ಹಿಂದಿನ ಮನುಷ್ಯನನ್ನು ಬಲ್ಲವರು ಕಡಿಮೆ. ಆತ ನೆಲೆ ಕಳೆದುಕೊಂಡು ಮೂರು ದೇಶಗಳನ್ನು ಅಲೆದು, ನಾಲ್ಕನೆಯದರಲ್ಲಿ ಕೀರ್ತಿ ಪಡೆದವರು. ಊರು ಬಿಟ್ಟು ಬಂದು ಯಮುನೆಯ ತೀರದಲ್ಲಿ ಬದುಕು ಕಟ್ಟಿಕೊಂಡಿರುವ ನಮ್ಮ ವಾಚಕರಿಗೆ ಅವರ ಚರಿತ್ರೆ ಹಲವು ಕಾರಣಗಳಿಂದ ಹತ್ತಿರದ್ದಾಗಿ ತೋರಬಹುದು.

ಶಸ್ತ್ರವೈದ್ಯನ ಮಗ

ರುಡಾಲ್ಫ್ ನಿಸ್ಸೆನ್ ಅವರು 1896ನೆಯ ಇಸವಿ ಸೆಪ್ಟೆಂಬರ್ 9ರಂದು ಅಂದಿನ ಜರ್ಮನಿಯ ಸೈಲೀಷಿಯ ಪ್ರಾಂತದ ನೈಸ್ಸೆ ಎಂಬ ಪಟ್ಟಣದಲ್ಲಿ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ತಂದೆಯೂ ಶಸ್ತ್ರವೈದ್ಯರೇ. ಹೀಗಾಗಿ ಗಾಯ, ಕಟ್ಟು, ಕತ್ತರಿಗಳು ಬಾಲಕನಿಗೆ ಹೊಸವಾಗಿರಲಿಲ್ಲ. ವೈದ್ಯವಿದ್ಯೆಯ ವ್ಯಾಸಂಗಕ್ಕೆ ತೊಡಗಿದ ಕಾಲಕ್ಕೆ ಮೊದಲನೆಯ ಮಹಾಯುದ್ಧವು ಯೂರೋಪನ್ನು ಆವರಿಸಿತು. ತರುಣ ನಿಸ್ಸೆನ್ ಜರ್ಮನ್ ಸೇನೆಯ ವೈದ್ಯದಳದಲ್ಲಿ ಸೇವೆ ಸಲ್ಲಿಸಿದರು; ರಣರಂಗದಲ್ಲಿ ಗುಂಡೇಟು ತಗುಲಿ ಅವರ ಶ್ವಾಸಕೋಶಕ್ಕೇ ಗಾಯವಾಯಿತು. ತಾನು ಹುಟ್ಟಿದ ದೇಶಕ್ಕಾಗಿ ಎದೆಯಲ್ಲಿ ಗಾಯ ಹೊತ್ತವರು ಎಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದಿನ ಕಥೆಗೆ ಇದು ಅಗತ್ಯ.

ಯುದ್ಧ ಮುಗಿದ ಬಳಿಕ ವ್ಯಾಸಂಗ ಪೂರ್ಣಗೊಳಿಸಿ, ಫ್ರೈಬುರ್ಗಿನಲ್ಲಿ ರೋಗಲಕ್ಷಣಶಾಸ್ತ್ರದ ಆಚಾರ್ಯರಾಗಿದ್ದ ಲುಡ್ವಿಗ್ ಆಶಾಫ್ ಅವರ ಬಳಿ ಕೆಲಕಾಲ ಕೆಲಸ ಮಾಡಿ, 1921ರಲ್ಲಿ ಅವರು ಮ್ಯೂನಿಚ್ ನಗರದ ಫರ್ಡಿನಾಂಡ್ ಜೌವರ್‌ಬ್ರುಖ್ ಅವರ ಶಿಷ್ಯರಾದರು. ಜೌವರ್‌ಬ್ರುಖ್ ಎಂದರೆ ಆ ಕಾಲದ ಯೂರೋಪಿನ ಶಸ್ತ್ರವೈದ್ಯರಲ್ಲಿ ಅಗ್ರಗಣ್ಯರು. ಎದೆಗೂಡನ್ನು ತೆರೆದೊಡನೆ ಹೊರಗಿನ ಗಾಳಿಯ ಒತ್ತಡದಿಂದ ಶ್ವಾಸಕೋಶ ಕುಸಿದು ರೋಗಿ ಸಾಯುತ್ತಿದ್ದ ಕಾಲದಲ್ಲಿ, ಗಾಳಿಯ ಒತ್ತಡ ತಗ್ಗಿಸಿದ ಕೊಠಡಿಯೊಂದನ್ನು ನಿರ್ಮಿಸಿ, ಎದೆಯ ಶಸ್ತ್ರಚಿಕಿತ್ಸೆಗೆ ದಾರಿ ತೆರೆದವರು ಅವರೇ. ಗುರು ಮಹಾಕೋಪಿಷ್ಠರೆಂದು ಹೆಸರಾಗಿದ್ದರು. ಅಂಥವರ ಕೈಕೆಳಗೆ ಹನ್ನೆರಡು ವರ್ಷ ನಿಂತು ಕೆಲಸ ಕಲಿತುದು ಸಣ್ಣ ತಪಸ್ಸಲ್ಲ. 1927ರಲ್ಲಿ ಗುರುಗಳು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಗೆ ಹೋದಾಗ ನಿಸ್ಸೆನ್ ಅವರೂ ಜೊತೆಯಲ್ಲಿ ಹೋದರು.

1931ರಲ್ಲಿ ಬರ್ಲಿನ್ನಿನಲ್ಲಿ ಅವರ ಕೈಗೆ ಹನ್ನೆರಡು ವರ್ಷದ ಬಾಲೆಯೊಬ್ಬಳು ಬಂದಳು. ಅವಳ ಒಂದು ಶ್ವಾಸಕೋಶ ಪೂರ್ತಿಯಾಗಿ ಕೆಟ್ಟು ಕೀವು ತುಂಬಿದ್ದಿತು. ಅದುವರೆಗೆ ಒಂದು ಇಡೀ ಶ್ವಾಸಕೋಶವನ್ನು ತೆಗೆದು ರೋಗಿಯನ್ನು ಉಳಿಸಿಕೊಂಡವರು ಯಾರೂ ಇರಲಿಲ್ಲ. ಮೊದಲ ಪ್ರಯತ್ನದಲ್ಲಿ ಹುಡುಗಿಯ ಹೃದಯವೇ ನಿಂತುಹೋಯಿತು. ಅದನ್ನು ಮತ್ತೆ ಬಡಿಯುವಂತೆ ಮಾಡಿ, ಶಸ್ತ್ರಕ್ರಿಯೆಯನ್ನು ಅಲ್ಲಿಗೇ ನಿಲ್ಲಿಸಿದರು. ಕೆಲದಿನಗಳ ತರುವಾಯ ಮತ್ತೆ ಎದೆ ತೆರೆದು, ಶ್ವಾಸಕೋಶದ ಬುಡವನ್ನು ಬಿಗಿಯಾಗಿ ಕಟ್ಟಿ, ಅದು ತಾನಾಗಿ ಸತ್ತು ಕಳಚಿಕೊಳ್ಳುವಂತೆ ಮಾಡಿದರು. ಹುಡುಗಿ ಬದುಕಿದಳು. ಮೂವತ್ತೈದನೆಯ ವಯಸ್ಸಿಗೇ ನಿಸ್ಸೆನ್ ಅವರ ಹೆಸರು ವೈದ್ಯಲೋಕದಲ್ಲಿ ನಿಂತಿತು. ಜರ್ಮನಿಯ ಯಾವುದಾದರೊಂದು ದೊಡ್ಡ ವಿಶ್ವವಿದ್ಯಾನಿಲಯದ ಪೀಠ ಅವರಿಗಾಗಿ ಕಾದಿದೆಯೆಂದು ಎಣಿಸುವುದು ಸಹಜವಾಗಿದ್ದಿತು.

1933ರ ಏಪ್ರಿಲ್

ಆದರೆ ಪೀಠ ಬರುವ ಮೊದಲು ಹಿಟ್ಲರ್ ಬಂದನು. 1933ರ ಜನವರಿಯಲ್ಲಿ ಅಧಿಕಾರ ಹಿಡಿದವನು ಏಪ್ರಿಲ್ 1ರಂದು ಯೆಹೂದಿಗಳ ಅಂಗಡಿ, ವೈದ್ಯಶಾಲೆ, ವಕೀಲರ ಕಚೇರಿಗಳಿಗೆ ಬಹಿಷ್ಕಾರ ಹಾಕಿಸಿದನು. ಅದೇ ತಿಂಗಳ 7ರಂದು ಯೆಹೂದಿಗಳನ್ನು ಸರಕಾರಿ ಸೇವೆಯಿಂದ ತೆಗೆದುಹಾಕುವ ಕಾನೂನು ಹೊರಟಿತು. ಮಹಾಯುದ್ಧದ ರಣರಂಗದಲ್ಲಿ ಹೋರಾಡಿದವರಿಗೆ ಆ ಕಾನೂನಿನಲ್ಲಿ ವಿನಾಯಿತಿ ಇದ್ದಿತು. ಎದೆಯಲ್ಲಿ ಗಾಯ ಹೊತ್ತಿದ್ದ ನಿಸ್ಸೆನ್ ಅವರು ಅದನ್ನು ಹಿಡಿದುಕೊಂಡು ಉಳಿದುಕೊಳ್ಳಲು ಯತ್ನಿಸಬಹುದಾಗಿದ್ದಿತು. ಅವರು ಉಳಿಯಲಿಲ್ಲ. ತನ್ನವರನ್ನೆಲ್ಲ ಬೀದಿಗೆ ತಳ್ಳುವ ಮನೆಯಲ್ಲಿ ತನಗೊಂದು ಮೂಲೆಯ ಚಾಪೆ ದೊರೆಯಿತೆಂದು ಸುಮ್ಮನಿರುವುದು ಅವರ ಮನಸ್ಸಿಗೆ ಒಗ್ಗಲಿಲ್ಲವೆಂದೇ ನಾವು ತಿಳಿಯಬೇಕು. ಮುಂದಿನ ವರ್ಷಗಳಲ್ಲಿ ಆ ವಿನಾಯಿತಿಯೂ ರದ್ದಾಗಿ, ನೆಚ್ಚಿ ಉಳಿದವರ ಗತಿ ಏನಾಯಿತೆಂಬುದು ಲೋಕಕ್ಕೆಲ್ಲ ತಿಳಿದಿದೆ.

ವಿಧಿಯ ಆಟ ನೋಡಿರಿ. ಅದೇ 1933ರ ಏಪ್ರಿಲ್‌ನಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಇವಾರ್ಟ್ಸ್ ಗ್ರಹಾಮ್ ಎಂಬ ಶಸ್ತ್ರವೈದ್ಯರು ಕ್ಯಾನ್ಸರ್ ತಗುಲಿದ ಒಂದು ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆದು ಜಗತ್ಪ್ರಸಿದ್ಧರಾದರು. ಆ ದಾರಿಯಲ್ಲಿ ಮೊದಲ ಹೆಜ್ಜೆಯಿಟ್ಟಿದ್ದ ಮನುಷ್ಯ ಆ ಹೊತ್ತಿಗೆ ಸಾಮಾನು ಕಟ್ಟುವ ಚಿಂತೆಯಲ್ಲಿದ್ದರು.

ದೆಹಲಿಯಲ್ಲಿರುವ ನಮಗೆ ನಿರಾಶ್ರಿತರೆಂಬ ಶಬ್ದ ಅಪರಿಚಿತವಲ್ಲ. 1947ರಲ್ಲಿ ಪಶ್ಚಿಮ ಪಂಜಾಬಿನಿಂದ ಉಟ್ಟ ಬಟ್ಟೆಯಲ್ಲಿ ಬಂದವರಿಗಾಗಿಯೇ ಇಲ್ಲಿನ ಲಾಜಪತ್ ನಗರ, ರಾಜೇಂದ್ರ ನಗರಗಳು ಎದ್ದುವು. ಹೊಟ್ಟೆಯ ಪಾಡಿಗಾಗಿ ತಾವಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೂ ಅವರಿಗೂ ಭೇದವಿದೆ. ನಮಗೆ ಮರಳಲು ಊರಿದೆ. ವರ್ಷಕ್ಕೊಮ್ಮೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ತವರು ಸಿಕ್ಕುತ್ತದೆ. ಅವರಿಗೆ ಊರೇ ಇಲ್ಲ. ಆದರೂ ಒಂದು ಮಾತು ಇಬ್ಬರಿಗೂ ಸಮಾನ: ಹೊಸ ಊರಿನಲ್ಲಿ ಕುಲಗೋತ್ರ ಕೇಳುವವರಿಲ್ಲ, ಕೈಯಲ್ಲಿ ಕಸುಬಿದೆಯೇ ಎಂದು ಮಾತ್ರ ನೋಡುತ್ತಾರೆ.

ಇಸ್ತಾಂಬುಲಿನ ರೋಗಿ

ಆ ಕಾಲಕ್ಕೆ ತುರ್ಕಿಯಲ್ಲಿ ಕಮಾಲ್ ಪಾಷಾ ಅವರು ಹಳೆಯ ವಿದ್ಯಾಸಂಸ್ಥೆಯನ್ನು ಒಡೆದು ಹೊಸ ಇಸ್ತಾಂಬುಲ್ ವಿಶ್ವವಿದ್ಯಾನಿಲಯವನ್ನು ಕಟ್ಟುತ್ತಿದ್ದರು. ಜರ್ಮನಿಯು ಹೊರದೂಡಿದ ವಿದ್ವಾಂಸರನ್ನು ಅವರು ಕರೆದು ಪೀಠ ಕೊಟ್ಟರು. ಒಂದು ದೇಶ ಕಸವೆಂದು ಎಸೆದುದನ್ನು ಇನ್ನೊಂದು ದೇಶ ರತ್ನವೆಂದು ಆರಿಸಿಕೊಂಡಿತು. 1933ರಲ್ಲಿ ನಿಸ್ಸೆನ್ ಅವರು ಅಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕರಾಗಿ ಸೇರಿದರು. ಅವರು ಕೆಲಸ ಮಾಡಿದ ಆಸ್ಪತ್ರೆಯ ಹೆಸರು ಜೆರ್ರಾಹ್‌ಪಾಶಾ. ಹಳೆ ದೆಹಲಿಯ ಗಲ್ಲಿಗಳಲ್ಲಿ ಹುಣ್ಣು ಗಾಯಗಳಿಗೆ ಮದ್ದು ಕಟ್ಟುವವನನ್ನು ಜರ್ರಾಹ್ ಎನ್ನುವುದನ್ನು ನಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಎರಡೂ ಒಂದೇ ಅರಬ್ಬೀ ಮೂಲದ ಶಬ್ದ, ಶಸ್ತ್ರವೈದ್ಯನೆಂದೇ ಅರ್ಥ.

ಹೊರಗಿನಿಂದ ಬಂದ ಪ್ರಾಧ್ಯಾಪಕರು ಮೊದಮೊದಲು ದುಭಾಷಿಗಳ ಮೂಲಕ ಪಾಠ ಹೇಳಿ, ಕೆಲವೇ ವರ್ಷಗಳಲ್ಲಿ ತುರ್ಕಿ ಭಾಷೆ ಕಲಿತು ಆ ಭಾಷೆಯಲ್ಲಿಯೇ ಬೋಧಿಸಬೇಕೆಂಬುದು ಅಲ್ಲಿನ ಕರಾರು. ಅಂಥ ನಿಯಮಗಳ ನಡುವೆ ಬೇರೂರಿ, ಆರು ವರ್ಷಗಳ ಕಾಲ ಅವರು ಒಂದು ತಲೆಮಾರಿನ ತುರ್ಕಿ ಶಸ್ತ್ರವೈದ್ಯರನ್ನು ತಯಾರು ಮಾಡಿದರು.

1936ರ ಸುಮಾರಿನಲ್ಲಿ ಇಪ್ಪತ್ತೆಂಟು ವರ್ಷದ ತರುಣನೊಬ್ಬನನ್ನು ಅವರ ಬಳಿಗೆ ತಂದರು. ಅವನ ಅನ್ನನಾಳದ ಕೆಳತುದಿಯಲ್ಲಿ, ಅದು ಜಠರವನ್ನು ಸೇರುವ ಎಡೆಯಲ್ಲಿ, ಆಳವಾದ ಹುಣ್ಣಾಗಿದ್ದಿತು. ಹುಣ್ಣಿರುವ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಅನ್ನನಾಳವನ್ನು ಜಠರಕ್ಕೆ ಹೊಲಿಯಬೇಕಾಯಿತು. ಅಂಥ ಹೊಲಿಗೆ ಬಿಟ್ಟುಕೊಂಡರೆ ರೋಗಿ ಉಳಿಯುವುದಿಲ್ಲ. ಜೀವರಕ್ಷಕ ಔಷಧಗಳು ಬಳಕೆಗೆ ಬಾರದಿದ್ದ ಕಾಲವದು. ಹೊಲಿಗೆಗೆ ಆಧಾರವಾಗಲೆಂದು ನಿಸ್ಸೆನ್ ಅವರು ಜಠರದ ಗೋಡೆಯನ್ನೇ ಮಡಿಕೆಯಾಗಿ ಎಳೆದು, ಅನ್ನನಾಳದ ಸುತ್ತ ಹೊದಿಸಿ ಹೊಲಿದರು. ಮಗುವಿನ ಕೊರಳಿಗೆ ತಾಯಿ ಸೆರಗು ಸುತ್ತಿದಂತೆ ಎನ್ನಬಹುದು. ಅವರ ಉದ್ದೇಶ ಅಷ್ಟೇ ಆಗಿದ್ದಿತು. ತರುಣ ಗುಣಹೊಂದಿ ಮನೆಗೆ ಹೋದನು.

ಇಬ್ಬರು ನಿರ್ವಾಸಿತರು

1939ರಲ್ಲಿ ನಿಸ್ಸೆನ್ ಅವರು ಅಮೆರಿಕಕ್ಕೆ ಹೋದರು. ಅದೇ ವರ್ಷ ಎರಡನೆಯ ಮಹಾಯುದ್ಧ ಸ್ಫೋಟವಾಯಿತು. ನಲವತ್ತು ದಾಟಿದ, ಎರಡು ದೇಶಗಳಲ್ಲಿ ಹೆಸರು ಮಾಡಿದ್ದ ಪ್ರಾಧ್ಯಾಪಕರು ಮೊದಲು ಬಾಸ್ಟನ್ನಿನಲ್ಲಿ ಸಂಶೋಧಕರಾಗಿ ಕೆಳಗಿನ ಮೆಟ್ಟಿಲಿನಿಂದ ಮತ್ತೆ ಆರಂಭಿಸಬೇಕಾಯಿತು. ಮೂರನೆಯ ಭಾಷೆ, ಮೂರನೆಯ ಪದ್ಧತಿ. ತನ್ನ ಊರಿನಲ್ಲಿ ಹತ್ತು ಆಳುಗಳ ಯಜಮಾನನಾಗಿದ್ದವನು ಪರಊರಿನಲ್ಲಿ ಮತ್ತೊಬ್ಬರ ಒಲೆಯ ಮುಂದೆ ನಿಲ್ಲಬೇಕಾದಾಗ ಆಗುವ ಸಂಕಟ ಹೋಟೆಲ್ ಉದ್ಯಮದ ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಿಸ್ಸೆನ್ ಅವರು ಅದನ್ನು ನುಂಗಿಕೊಂಡರು. ಕೆಲವೇ ವರ್ಷಗಳಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಯೆಹೂದಿ ಆಸ್ಪತ್ರೆಯಲ್ಲಿಯೂ ಮೈಮೋನಿಡೀಸ್ ಆಸ್ಪತ್ರೆಯಲ್ಲಿಯೂ ಶಸ್ತ್ರವೈದ್ಯ ವಿಭಾಗದ ಮುಖ್ಯರಾದರು.

1948ರ ಡಿಸೆಂಬರಿನಲ್ಲಿ ಅವರ ಮೇಜಿನ ಮೇಲೆ ಜಗತ್ತೇ ಬಲ್ಲ ರೋಗಿಯೊಬ್ಬರು ಮಲಗಿದರು: ಆಲ್ಬರ್ಟ್ ಐನ್‌ಸ್ಟೈನ್. ಅವರೂ 1933ರಲ್ಲಿ ಜರ್ಮನಿಗೆ ಬೆನ್ನು ತಿರುಗಿಸಿದವರು. ಅರುವತ್ತೊಂಬತ್ತರ ಆ ವೃದ್ಧರಿಗೆ ಹೊಟ್ಟೆನೋವು ಪದೇ ಪದೇ ಕಾಡುತ್ತಿದ್ದಿತು. ತೆರೆದು ನೋಡಿದಾಗ, ಹೃದಯದಿಂದ ಹೊಟ್ಟೆಯೊಳಗೆ ಇಳಿಯುವ ಮಹಾಧಮನಿಯು ಒಂದೆಡೆ ಚಕ್ಕೋತದ ಗಾತ್ರಕ್ಕೆ ಉಬ್ಬಿದ್ದಿತು. ಅದು ಒಡೆದರೆ ಸಾವು. ಉಬ್ಬಿದ ಭಾಗವನ್ನು ಕತ್ತರಿಸಿ ಬೇರೆ ನಾಳ ಜೋಡಿಸುವ ವಿದ್ಯೆ ಅಂದು ಇನ್ನೂ ಹುಟ್ಟಿರಲಿಲ್ಲ. ಮಿಠಾಯಿಯ ಪೊಟ್ಟಣಗಳಿಗೆ ಸುತ್ತುವ ಪಾರದರ್ಶಕ ಸೆಲೋಫೇನ್ ಹಾಳೆಯನ್ನು ಎಲ್ಲರೂ ಕಂಡಿದ್ದೇವೆ. ಅದೇ ಜಾತಿಯ ಹಾಳೆಯನ್ನು ನಿಸ್ಸೆನ್ ಅವರು ಆ ಧಮನಿಯ ಸುತ್ತ ಹೊದಿಸಿದರು. ದೇಹವು ಪರಕೀಯ ವಸ್ತುವನ್ನು ಕಂಡು ಅದರ ಸುತ್ತ ಗಟ್ಟಿಯಾದ ನಾರನ್ನು ಬೆಳೆಸಿಕೊಳ್ಳುತ್ತದೆ. ಆ ನಾರು ಧಮನಿಗೆ ಕವಚವಾಗಲೆಂಬುದು ಅದರ ತತ್ತ್ವ. ಐನ್‌ಸ್ಟೈನ್ ಕೆಲವು ವಾರಗಳಲ್ಲಿ ಮನೆಗೆ ಮರಳಿದರು ಮತ್ತು ಆರು ವರ್ಷಗಳಿಗೂ ಹೆಚ್ಚು ಕಾಲ ಬದುಕಿದರು. 1955ರ ಏಪ್ರಿಲ್ 18ರಂದು ಅದೇ ಧಮನಿ ಒಡೆದು ಅವರು ಕಾಲವಾದರು. ಎರಡನೆಯ ಸಲ ಶಸ್ತ್ರಕ್ರಿಯೆಗೆ ಅವರು ಒಪ್ಪಿರಲಿಲ್ಲ.

ವಪೆಯ ದ್ವಾರ

ಈಗ ಮುಖ್ಯ ವಿಷಯಕ್ಕೆ ಬರೋಣ. ಅದಕ್ಕೆ ಮೊದಲು ನಮ್ಮ ಒಡಲಿನ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ, ಕಮಾನಿನಂತೆ ಬಾಗಿದ ಸ್ನಾಯುವಿನ ಪರದೆಯೊಂದಿದೆ. ಇದಕ್ಕೆ ವಪೆಯೆಂದು ಹೆಸರು. ನಾವು ಉಸಿರೆಳೆದಾಗ ಕೆಳಗಿಳಿಯುವುದು ಇದೇ. ಅನ್ನನಾಳವು ಈ ವಪೆಯಲ್ಲಿರುವ ಒಂದು ರಂಧ್ರದ ಮೂಲಕ ಕೆಳಗಿಳಿದು ಜಠರವನ್ನು ಸೇರುತ್ತದೆ. ರಂಧ್ರದ ಸುತ್ತಲಿನ ಸ್ನಾಯುಗಳು ಅನ್ನನಾಳವನ್ನು ಹೊರಗಿನಿಂದ ಅಮುಕಿ ಹಿಡಿದಿರುತ್ತವೆ. ಅನ್ನನಾಳದ ಕೆಳತುದಿಯ ಸ್ವಂತ ಸ್ನಾಯು ಒಳಗಿನಿಂದ ಬಿಗಿದಿರುತ್ತದೆ. ಹೀಗೆ ಒಂದೇ ಬಾಗಿಲಿಗೆ ಎರಡು ಅಗುಳಿ. ನುಂಗಿದಾಗ ಬಾಗಿಲು ತೆರೆಯುತ್ತದೆ, ಬಳಿಕ ಮುಚ್ಚುತ್ತದೆ.

ಜಠರದಲ್ಲಿ ಊರುವ ಆಮ್ಲ ಬಹು ತೀಕ್ಷ್ಣವಾದುದು. ಜಠರದ ಒಳಗೋಡೆಗೆ ಲೋಳೆಯ ರಕ್ಷೆಯಿದೆ. ಅನ್ನನಾಳಕ್ಕೆ ಅಂಥ ರಕ್ಷೆಯಿಲ್ಲ. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯಲ್ಲಿ ಹುಣಿಸೆಹುಳಿ ಕುದಿಸಬಹುದು, ಕಲಾಯಿ ಹೋದ ಪಾತ್ರೆಯಲ್ಲಿ ಕುದಿಸಬಾರದು ಎಂಬುದನ್ನು ನಮ್ಮ ಅಡುಗೆ ಭಟ್ಟರೆಲ್ಲ ಬಲ್ಲರು. ವಪೆಯ ರಂಧ್ರ ಅಗಲವಾಗಿ ಸಡಿಲಗೊಂಡರೆ ಜಠರದ ಮೇಲ್ಭಾಗವೇ ಎದೆಯೊಳಕ್ಕೆ ಜಾರುತ್ತದೆ. ಇದು ಒಂದು ಬಗೆಯ ಹರ್ನಿಯ. ಆಗ ಎರಡು ಅಗುಳಿಗಳೂ ಸ್ಥಾನ ತಪ್ಪಿ, ಆಮ್ಲ ಮೇಲೇರಿ ಅನ್ನನಾಳವನ್ನು ಸುಡುತ್ತದೆ.

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದ ಫಿಲಿಪ್ ಆಲಿಸನ್ ಎಂಬ ಶಸ್ತ್ರವೈದ್ಯರು 1951ರಲ್ಲಿ ಈ ಹರ್ನಿಯಕ್ಕೂ ಎದೆಯುರಿಗೂ ಇರುವ ನಂಟನ್ನು ಸ್ಪಷ್ಟಪಡಿಸಿ, ಎದೆಯ ಎಡಭಾಗದಿಂದ ಪ್ರವೇಶಿಸಿ, ಜಾರಿದ ಜಠರವನ್ನು ಕೆಳಗಿಳಿಸಿ, ವಪೆಯ ರಂಧ್ರವನ್ನು ಹೊಲಿದು ಸರಿಪಡಿಸುವ ಕ್ರಮವನ್ನು ಪ್ರಕಟಿಸಿದರು. ತತ್ತ್ವ ಸರಿಯಾಗಿದ್ದಿತು, ಆದರೆ ಹೊಲಿಗೆ ಬಹುಕಾಲ ನಿಲ್ಲಲಿಲ್ಲ. ಉಸಿರಾಡುವಾಗಲೆಲ್ಲ ಚಲಿಸುವ ಸ್ನಾಯುವಿಗೆ ಹಾಕಿದ ಹೊಲಿಗೆಯಲ್ಲವೇ? ಇಪ್ಪತ್ತು ವರ್ಷಗಳ ತರುವಾಯ, 1973ರಲ್ಲಿ, ಆಲಿಸನ್ ಅವರೇ ತಮ್ಮ ಹಳೆಯ ರೋಗಿಗಳನ್ನೆಲ್ಲ ಪರಿಶೀಲಿಸಿ, ಸುಮಾರು ಅರ್ಧದಷ್ಟು ಮಂದಿಗೆ ದೋಷ ಮರಳಿದೆಯೆಂದು ಮುಚ್ಚುಮರೆಯಿಲ್ಲದೆ ಲೋಕಕ್ಕೆ ತಿಳಿಸಿದರು. ತನ್ನ ಕೀರ್ತಿಗೆ ಕಾರಣವಾದ ಕೆಲಸದ ಲೋಪವನ್ನು ತಾನೇ ಎಣಿಸಿ ಹೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಬಾಸೆಲ್ ನಗರದಲ್ಲಿ

1952ರಲ್ಲಿ ನಿಸ್ಸೆನ್ ಅವರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದಿಂದ ಕರೆ ಬಂದಿತು. ಅಮೆರಿಕದ ಸಂಪತ್ತನ್ನು ಬಿಟ್ಟು ಅವರು ಯೂರೋಪಿಗೆ ಮರಳಿದರು. ಆದರೆ ಜರ್ಮನಿಯಲ್ಲಿ ನೆಲಸಲಿಲ್ಲ. ಹುಟ್ಟಿದ ಊರಿಗೆ ಹೋಗೋಣವೆಂದರೆ ಆ ಊರೇ ಜರ್ಮನಿಯಲ್ಲಿ ಉಳಿದಿರಲಿಲ್ಲ. 1945ರ ತರುವಾಯ ನೈಸ್ಸೆ ಪೋಲೆಂಡಿಗೆ ಸೇರಿ ನಿಸಾ ಎಂಬ ಹೆಸರು ಪಡೆದಿದ್ದಿತು. ಬಾಸೆಲ್ ಇರುವುದು ಜರ್ಮನಿಯ ಗಡಿಗೆ ಅಂಟಿಕೊಂಡು. ಅಲ್ಲಿನ ಮಾತೂ ಜರ್ಮನ್. ತವರಿನ ಬಾಗಿಲಿನೊಳಕ್ಕೆ ಹೋಗದೆ, ತವರಿನ ನುಡಿ ಕಿವಿಗೆ ಬೀಳುವಷ್ಟು ದೂರದಲ್ಲಿ ಮನೆ ಮಾಡಿದಂತಾಯಿತು. ಕಾಸರಗೋಡಿನಲ್ಲಿಯೂ ಇತರ ಗಡಿ ಜಿಲ್ಲೆಗಳಲ್ಲಿಯೂ ಇರುವ ನಮ್ಮ ಬಂಧುಗಳಿಗೆ ಗಡಿಯಾಚೆಯ ನುಡಿಯ ಈ ಮಮತೆ ತಿಳಿಯದ್ದಲ್ಲ.

ಆ ದಿನಗಳಲ್ಲಿ ಅವರಿಗೆ ಇಸ್ತಾಂಬುಲಿನ ಆ ಹಳೆಯ ರೋಗಿಯ ಸಮಾಚಾರ ತಿಳಿಯಿತು. ಶಸ್ತ್ರಕ್ರಿಯೆಯಾಗಿ ಹದಿನಾರು ವರ್ಷಗಳಾಗಿದ್ದುವು. ಮಧ್ಯೆ ಒಂದು ಮಹಾಯುದ್ಧ ನಡೆದು ಭೂಪಟವೇ ಬದಲಾಗಿದ್ದಿತು. ರೋಗಿ ಆರೋಗ್ಯವಾಗಿದ್ದನು. ಅದಕ್ಕಿಂತ ಹೆಚ್ಚಾಗಿ, ಹಿಂದೆ ಅವನನ್ನು ಬಾಧಿಸುತ್ತಿದ್ದ ಎದೆಯುರಿ ಸಂಪೂರ್ಣವಾಗಿ ಹೋಗಿದ್ದಿತು. ಸಾಮಾನ್ಯ ವೈದ್ಯರಾಗಿದ್ದರೆ ಸಂತೋಷಪಟ್ಟು ಅಲ್ಲಿಗೇ ಬಿಡುತ್ತಿದ್ದರು. ನಿಸ್ಸೆನ್ ಅವರು ಏಕೆಂದು ವಿಚಾರ ಮಾಡಿದರು. ಅನ್ನನಾಳವನ್ನು ಜಠರಕ್ಕೆ ನೇರವಾಗಿ ಹೊಲಿದರೆ ಬಾಗಿಲೇ ಇಲ್ಲದಂತಾಗಿ ಉರಿ ಹೆಚ್ಚಬೇಕಾಗಿದ್ದಿತು. ಬದಲಾಗಿ ಅದು ನಿಂತಿತೆಂದರೆ, ಹೊಲಿಗೆಯ ರಕ್ಷಣೆಗೆಂದು ಸುತ್ತಿದ ಜಠರದ ಮಡಿಕೆಯೇ ಹೊಸ ಬಾಗಿಲಾಗಿ ಕೆಲಸ ಮಾಡಿರಬೇಕು. ಜಠರ ತುಂಬಿ ಒತ್ತಡ ಹೆಚ್ಚಿದಂತೆಲ್ಲ ಸುತ್ತಿದ ಮಡಿಕೆಯೂ ಬಿಗಿಯಾಗಿ ಅನ್ನನಾಳವನ್ನು ಮುಚ್ಚುತ್ತದೆ. ಆಮ್ಲವನ್ನು ಮೇಲಕ್ಕೆ ತಳ್ಳುವ ಬಲವೇ ಅದನ್ನು ತಡೆಯುವ ಬಲವೂ ಆಗುತ್ತದೆ!

1955ರ ಕೊನೆಯಲ್ಲಿ, ಐನ್‌ಸ್ಟೈನ್ ಅವರು ಕಾಲವಾದ ವರ್ಷದಲ್ಲಿಯೇ, ಮೂರು ವರ್ಷಗಳಿಂದ ಎದೆಯುರಿಯಿಂದ ಬಳಲುತ್ತಿದ್ದ ನಲವತ್ತೊಂಬತ್ತು ವರ್ಷದ ಮಹಿಳೆಯೊಬ್ಬಳಿಗೆ ಅವರು ಈ ಶಸ್ತ್ರಕ್ರಿಯೆಯನ್ನು ಉದ್ದೇಶಪೂರ್ವಕವಾಗಿ ಮಾಡಿದರು. ಹೊಟ್ಟೆಯ ಮೇಲ್ಭಾಗದಲ್ಲಿ ಕೊಯ್ದು, ಜಠರದ ಮೇಲಿನ ಗುಮ್ಮಟದಂಥ ಭಾಗವನ್ನು ಅನ್ನನಾಳದ ಹಿಂದಿನಿಂದ ತಂದು, ಸುತ್ತಲೂ ಹೊದಿಸಿ, ಮುಂದೆ ನಾಲ್ಕೈದು ಹೊಲಿಗೆ ಹಾಕಿದರು. ಅಷ್ಟೇ. ಮಹಿಳೆಯ ಉರಿ ನಿಂತಿತು. 1956ರಲ್ಲಿ ಸ್ವಿಸ್ ವೈದ್ಯಕೀಯ ವಾರಪತ್ರಿಕೆಯಲ್ಲಿ ಎರಡು ರೋಗಿಗಳ ವಿವರದೊಡನೆ ಚಿಕ್ಕ ಲೇಖನ ಪ್ರಕಟವಾಯಿತು. ಇದೊಂದು ಸರಳವಾದ ಶಸ್ತ್ರಕ್ರಿಯೆಯೆಂದೇ ತಲೆಬರಹದಲ್ಲಿ ಹೇಳಿದ್ದರು. ದೊಡ್ಡ ಮಾತೊಂದೂ ಇರಲಿಲ್ಲ. ದೆಹಲಿಯಲ್ಲಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಸ್ಥಾಪನೆಯಾದ ವರ್ಷವೂ ಅದೇ. ಅದಕ್ಕೆ ಫಂಡೋಪ್ಲಿಕೇಷನ್ ಎಂಬ ಶಾಸ್ತ್ರೀಯ ನಾಮವಿದ್ದರೂ ವೈದ್ಯರೆಲ್ಲ ಕರೆಯುವುದು ನಿಸ್ಸೆನ್ ಎಂದೇ.

ಶಿಷ್ಯರು ತಿದ್ದಿದ ಪಾಠ

ಇದು ದೋಷವೇ ಇಲ್ಲದ ಚಿಕಿತ್ಸೆಯಾಗಿದ್ದಿತೆಂದು ಬರೆದರೆ ಸತ್ಯಕ್ಕೆ ಅಪಚಾರವಾದೀತು. ಮೊದಲಿನ ಸುತ್ತು ಉದ್ದವಾಗಿಯೂ ಬಿಗಿಯಾಗಿಯೂ ಇದ್ದುದರಿಂದ ಕೆಲವರಿಗೆ ನುಂಗುವುದು ಕಷ್ಟವಾಯಿತು. ಕೆಲವರಿಗೆ ತೇಗಲೂ ವಾಂತಿ ಮಾಡಲೂ ಬಾರದೆ ಹೊಟ್ಟೆ ಉಬ್ಬರಿಸಿತು. ಮುಚ್ಚಲಾರದ ಬಾಗಿಲಿಗೆ ಬದಲಾಗಿ ತೆರೆಯಲಾರದ ಬಾಗಿಲು! ಬಾಸೆಲಿನಲ್ಲಿ ನಿಸ್ಸೆನ್ ಅವರ ಸಹಾಯಕರಾಗಿದ್ದ ಮಾರಿಯೊ ರೊಸ್ಸೆಟ್ಟಿ ಅವರು ಕ್ರಮವನ್ನು ತಿದ್ದಿದರು. ಫ್ರಾನ್ಸಿನಲ್ಲಿ ಡೋರ್ ಮತ್ತು ಟೂಪೆ ಎಂಬವರು 1962, 1963ರಲ್ಲಿ ಪೂರ್ತಿ ಸುತ್ತದೆ ಭಾಗಶಃ ಸುತ್ತುವ ಕ್ರಮಗಳನ್ನು ತಂದರು. ತರುವಾಯದ ದಶಕಗಳಲ್ಲಿ ಅಮೆರಿಕದ ವೈದ್ಯರು ಅನ್ನನಾಳದೊಳಗೆ ದಪ್ಪನೆಯ ಕೊಳವೆಯಿಟ್ಟು, ಅದರ ಅಳತೆಗೆ ಸಡಿಲವಾಗಿ, ಸುಮಾರು ಎರಡು ಸೆಂಟಿಮೀಟರಿನಷ್ಟು ಮಾತ್ರ ಸುತ್ತುವುದನ್ನು ಕಲಿಸಿದರು. ಆಲಿಸನ್ ಅವರ ಪಾಠವೂ ವ್ಯರ್ಥವಾಗಲಿಲ್ಲ. ಇಂದು ಹರ್ನಿಯವಿರುವವರಿಗೆ ಜಾರಿದ ಜಠರವನ್ನು ಕೆಳಗಿಳಿಸಿ, ವಪೆಯ ರಂಧ್ರವನ್ನು ಅನ್ನನಾಳದ ಹಿಂಭಾಗದಲ್ಲಿ ಹೊಲಿದು ಕಿರಿದುಗೊಳಿಸಿ, ಅನಂತರವೇ ಜಠರವನ್ನು ಸುತ್ತುತ್ತಾರೆ. ಒಬ್ಬರು ಗೋಡೆಯನ್ನು ದುರಸ್ತಿ ಮಾಡಿದರು, ಇನ್ನೊಬ್ಬರು ಬಾಗಿಲನ್ನು ಮಾಡಿದರು. ಎರಡೂ ಕೂಡಿದಾಗ ಮನೆ ಭದ್ರವಾಯಿತು.

1991ರಲ್ಲಿ ಬೆಲ್ಜಿಯಮ್ಮಿನ ಬರ್ನಾರ್ಡ್ ದಾಲ್ಮಾಞ್ ಅವರು ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ದರ್ಶಕನಳಿಗೆ ಮತ್ತು ಉಪಕರಣಗಳನ್ನು ತೂರಿಸಿ ಇದೇ ಶಸ್ತ್ರಕ್ರಿಯೆಯನ್ನು ಮಾಡಿದುದನ್ನು ಪ್ರಕಟಿಸಿದರು. ದರ್ಶಕನಳಿಗೆಯ ಈ ವಿದ್ಯೆ ಭಾರತಕ್ಕೆ ಬಂದುದೂ ಆ ಕಾಲಕ್ಕೇ, ಮುಂಬಯಿಯ ಡಾ. ತೆಹಮ್ಟನ್ ಉದ್ವಾಡಿಯಾ ಅವರು 1990ರಲ್ಲಿ ಪಿತ್ತಕೋಶವನ್ನು ಆ ಕ್ರಮದಿಂದ ತೆಗೆದು ದೇಶಕ್ಕೆ ದಾರಿ ತೋರಿದರು. ಹಿಂದೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಗಿದ್ದವರು ಈಗ ಕೆಲವೇ ದಿನಗಳಲ್ಲಿ ಮನೆಗೆ ಹೋಗುತ್ತಾರೆ.

ನಿಸ್ಸೆನ್ ಅವರು 1967ರಲ್ಲಿ ನಿವೃತ್ತರಾದರು. 1969ರಲ್ಲಿ ಬೆಳಕಿನ ಪುಟಗಳು, ಕತ್ತಲೆಯ ಪುಟಗಳು ಎಂಬ ಅರ್ಥದ ಹೆಸರಿಟ್ಟು ಆತ್ಮಕಥೆಯನ್ನು ಪ್ರಕಟಿಸಿದರು. 1981ರ ಜನವರಿಯಲ್ಲಿ, ಎಂಬತ್ತನಾಲ್ಕರ ಪ್ರಾಯದಲ್ಲಿ, ಬಾಸೆಲಿನ ನೆರೆಯ ರೀಹೆನ್ ಎಂಬಲ್ಲಿ ಕಾಲವಾದರು. ಇಂದು ಪ್ರಪಂಚದಾದ್ಯಂತ ಬಳಕೆಯಲ್ಲಿರುವ ದರ್ಶಕನಳಿಗೆಯ ಕ್ರಮವನ್ನು ಅವರು ಕಣ್ಣಾರೆ ಕಾಣಲಿಲ್ಲ.

ನಮ್ಮವರಿಗೆ ಒಂದು ಮಾತು

ಎದೆಯುರಿ ಇದ್ದವರೆಲ್ಲ ಶಸ್ತ್ರವೈದ್ಯರ ಬಳಿಗೆ ಓಡಬೇಕೆಂದು ಈ ಲೇಖನದ ತಾತ್ಪರ್ಯವಲ್ಲ. 1980ರ ದಶಕದ ಕೊನೆಯಲ್ಲಿ ಬಂದ ಒಮೆಪ್ರಜೋಲ್ ಜಾತಿಯ ಗುಳಿಗೆಗಳು ಆಮ್ಲದ ಉತ್ಪತ್ತಿಯನ್ನೇ ತಗ್ಗಿಸಿ ಬಹುಮಂದಿಗೆ ಸಾಕಾಗುವಷ್ಟು ಶಮನ ನೀಡುತ್ತವೆ. ಆದರೆ ಗುಳಿಗೆ ಆಮ್ಲವನ್ನು ತಗ್ಗಿಸುವುದೇ ಹೊರತು ಸಡಿಲವಾದ ಬಾಗಿಲನ್ನು ಬಿಗಿಮಾಡದು. ಗುಳಿಗೆ ತಿಂದರೂ ಉಂಡದ್ದು ಗಂಟಲಿಗೆ ಮರಳುವವರು, ದೊಡ್ಡ ಹರ್ನಿಯವಿರುವವರು, ಜೀವಮಾನವೆಲ್ಲ ಗುಳಿಗೆ ಸಲ್ಲದೆನ್ನುವವರು ತಕ್ಕ ಪರೀಕ್ಷೆಗಳನ್ನು ಮಾಡಿಸಿಕೊಂಡು ಈ ಚಿಕಿತ್ಸೆಯ ವಿಚಾರ ಮಾಡಬಹುದು. ವರ್ಷಗಳು ಕಳೆದಂತೆ ಕೆಲವರಿಗೆ ಮತ್ತೆ ಗುಳಿಗೆ ಬೇಕಾಗುವುದೂ ಉಂಟು. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ಇವು ಕಂಡರೆ ಸೋಡಾ ಕುಡಿದು ಕೂಡದೆ ವೈದ್ಯರನ್ನು ಕಾಣಬೇಕು. ಬೆವರಿನೊಡನೆ ಬರುವ, ತೋಳಿಗೋ ದವಡೆಗೋ ಹರಡುವ ಎದೆನೋವನ್ನು ಹುಳಿತೇಗೆಂದು ಎಣಿಸಲೇಬಾರದು, ಅದು ಹೃದಯಾಘಾತವಾಗಿರಬಹುದು.

ನಮ್ಮ ಹೋಟೆಲುಗಳ ಅಡುಗೆಯವರೂ ಮಾಣಿಗಳೂ ಗಿರಾಕಿಗಳೆಲ್ಲ ಹೋದ ಬಳಿಕ ರಾತ್ರಿ ಹನ್ನೊಂದಕ್ಕೆ ಹೊಟ್ಟೆ ತುಂಬ ಉಂಡು, ಪಾತ್ರೆ ಕವುಚಿಟ್ಟೊಡನೆ ಅಲ್ಲಿಯೇ ಚಾಪೆ ಹಾಸಿ ಮಲಗುವುದನ್ನು ಬಲ್ಲೆವು. ಈ ರೋಗಕ್ಕೆ ಇದಕ್ಕಿಂತ ಒಳ್ಳೆಯ ಆಹ್ವಾನವಿಲ್ಲ. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆಗಳ ಅಂತರವಿರಲಿ, ಹಾಸಿಗೆಯ ತಲೆಯ ಕಡೆ ಎತ್ತರಿಸಿರಲಿ, ಬೀಡಿ ಸಿಗರೇಟು ದೂರವಿರಲಿ, ಸೊಂಟದ ಸುತ್ತಳತೆ ಹಿಡಿತದಲ್ಲಿರಲಿ. ಮಾಲಿಕರಾದವರು ಕೆಲಸಗಾರರ ಊಟದ ಹೊತ್ತನ್ನು ಗಿರಾಕಿಗಳ ಊಟದ ಮುಂಚೆಯೇ ಗೊತ್ತುಮಾಡಿದರೆ ಅದೂ ಒಂದು ವೈದ್ಯಸೇವೆಯೇ.

ಡಾ. ನಿಸ್ಸೆನ್ ಅವರ ಜೀವನದಿಂದ ವೈದ್ಯರು ಕಲಿಯಬೇಕಾದುದನ್ನು ವೈದ್ಯರು ಕಲಿತುಕೊಳ್ಳಲಿ. ನಮ್ಮಂಥ ವಲಸೆಯ ಜನಕ್ಕೆ ಅದರಲ್ಲಿ ಎರಡು ಪಾಠಗಳಿವೆ. ಸರಕಾರವೊಂದು ಮನುಷ್ಯನ ಹುದ್ದೆಯನ್ನು ಕಸಿಯಬಹುದು, ಮನೆಯನ್ನು ಕಸಿಯಬಹುದು, ಊರಿನ ಹೆಸರನ್ನೇ ಕಸಿಯಬಹುದು. ಕೈ ಕಲಿತ ವಿದ್ಯೆಯನ್ನು ಗಡಿಯ ಯಾವ ಸುಂಕದವನೂ ಕಸಿಯಲಾರನು. ಎರಡನೆಯದು ಇದಕ್ಕಿಂತ ದೊಡ್ಡದು. ಬಿಟ್ಟುಬಂದ ಊರಿನ ಒಬ್ಬ ಬಡ ರೋಗಿ ಹೇಗಿದ್ದಾನೆಂಬ ವಾರ್ತೆಗೆ ಹದಿನಾರು ವರ್ಷಗಳ ಮೇಲೂ ಅವರು ಕಿವಿಗೊಟ್ಟರು. ಅಂದು ಅದನ್ನು ಕೇಳಿ ಮರೆತಿದ್ದರೆ ಅವರು ಐನ್‌ಸ್ಟೈನರ ವೈದ್ಯರೆಂದು ಮಾತ್ರ ಉಳಿಯುತ್ತಿದ್ದರು. ಆ ಅನಾಮಧೇಯ ತರುಣನ ಕ್ಷೇಮಸಮಾಚಾರದಿಂದ ಎಷ್ಟೋ ದೇಶಗಳಲ್ಲಿ ಎಷ್ಟೋ ಮಂದಿ ಇಂದು ರಾತ್ರಿ ನಿಶ್ಚಿಂತೆಯಿಂದ ಮಲಗಿ ನಿದ್ರಿಸುತ್ತಿದ್ದಾರೆ.